ಲಸಿಕೆಯ ಜ್ವರವೂ ದುಡಿಮೆಯ ದಿನವೂ: ಮರುಲಸಿಕೆಯ ಇತಿಹಾಸದ ಒಂದು ಮುಖ

೧

ಲಸಿಕೆಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಎರಡು ಬಗೆಯ ಲೆಕ್ಕಗಳನ್ನು ಇಟ್ಟಿರುತ್ತಾರೆ. ಲಸಿಕೆ ಹಾಕಿಸಿಕೊಂಡವರಲ್ಲಿ ಉಳಿದವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಅಳಿದವರೆಷ್ಟು ಎಂಬುದು ಮೊದಲನೆಯ ಲೆಕ್ಕ. ಲಸಿಕೆಯನ್ನು ಒಪ್ಪಿದವರು ಯಾರು, ವಿರೋಧಿಸಿದವರು ಯಾರು, ವಿರೋಧಕ್ಕೆ ಕಾರಣವೇನು ಎಂಬುದು ಎರಡನೆಯದು. ಈ ಎರಡು ಲೆಕ್ಕಗಳ ನಡುವೆ ಮೂರನೆಯದೊಂದಿದೆ. ಸೂಜಿ ಚುಚ್ಚಿದ ಸಂಜೆಯಿಂದ ಮೊದಲುಗೊಂಡು, ತೋಳಿನ ನೋವೂ ಮೈಬಿಸಿಯೂ ಇಳಿದು ಮನುಷ್ಯನು ಮತ್ತೆ ತನ್ನ ಕೆಲಸಕ್ಕೆ ಹೊರಡುವವರೆಗಿನ ಒಂದೆರಡು ದಿನಗಳ ಲೆಕ್ಕವದು. ವೈದ್ಯರು ಅದನ್ನು ಅಲ್ಪವೆಂದು ಬಿಟ್ಟರು. ಸರ್ಕಾರದ ವರದಿಗಳಲ್ಲಿ ಅದಕ್ಕೆ ಒಂದೆರಡು ವಾಕ್ಯಗಳ ಸ್ಥಳ ಮಾತ್ರ ದೊರೆಯಿತು. ಇತಿಹಾಸಕಾರರೂ ಬಹುಮಟ್ಟಿಗೆ ಅದೇ ದಾರಿಯನ್ನು ಹಿಡಿದರು.

ಆದರೆ ಆ ಒಂದೆರಡು ದಿನಗಳು ಎಲ್ಲರಿಗೂ ಒಂದೇ ಬೆಲೆಯವಲ್ಲ. ತಿಂಗಳ ಸಂಬಳದ ಗುಮಾಸ್ತನು ಹಾಸಿಗೆಯಲ್ಲಿ ಕಳೆದ ದಿನಕ್ಕೂ ಕೂಲಿಯಾಳು ಹಾಸಿಗೆಯಲ್ಲಿ ಕಳೆದ ದಿನಕ್ಕೂ ಬಹಳ ಅಂತರವುಂಟು. ಒಂದೇ ಸಲ ಹಾಕಿಸಿಕೊಂಡು ಮುಗಿಸಬಹುದಾದ ಲಸಿಕೆಯಲ್ಲಿ ಈ ಅಂತರವು ಅಷ್ಟಾಗಿ ಕಣ್ಣಿಗೆ ಬೀಳಲಾರದು. ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾದ ಲಸಿಕೆಯಲ್ಲಿ ಅದು ಎದ್ದು ಕಾಣುತ್ತದೆ. ಮೊದಲನೆಯ ಸಲ ಮನುಷ್ಯನು ರೋಗದ ಭಯದಿಂದ ತೋಳನ್ನು ಒಡ್ಡುತ್ತಾನೆ. ಎರಡನೆಯ ಸಲ ಬರುವಾಗ ಹಿಂದಿನ ಜ್ವರದ ನೆನಪೂ ಅವನೊಡನೆ ಬಂದಿರುತ್ತದೆ.

ಆ ಜ್ವರದ ದಿನಗಳನ್ನು ಬೇರೆ ಬೇರೆ ಕಾಲಗಳಲ್ಲಿ ಯಾರು ಮುಂದಾಗಿ ಲೆಕ್ಕಹಾಕಿದರು, ಯಾವ ವ್ಯವಸ್ಥೆಯಿಂದ ಅವುಗಳನ್ನು ಸಹ್ಯವಾಗಿಸಿದರು, ಆ ವ್ಯವಸ್ಥೆಯಿಲ್ಲದೆಡೆಯಲ್ಲಿ ಏನಾಯಿತು ಎಂಬುದನ್ನು ನಾಲ್ಕು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹದಿನೆಂಟನೆಯ ಶತಮಾನದ ಬಂಗಾಳದ ಸಿಡುಬಿನ ಟೀಕಾ, ಹತ್ತೊಂಬತ್ತನೆಯ ಶತಮಾನದ ಮರುಲಸಿಕೆ, ೧೮೯೭ರ ಅನಂತರದ ಪ್ಲೇಗು ಮತ್ತು ವಿಷಮಶೀತಜ್ವರಗಳ ಲಸಿಕೆಗಳು, ೨೦೨೧-೨೨ರ ಕೋವಿಡ್ ಲಸಿಕೆ, ಇವೇ ಆ ನಾಲ್ಕು. ಇವುಗಳಲ್ಲಿ ಪ್ಲೇಗಿನ ಪ್ರಸಂಗವು ನಮ್ಮ ಹುಬ್ಬಳ್ಳಿಗೆ ನೇರವಾಗಿ ಸಂಬಂಧಿಸಿದುದಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಲಾಗಿದೆ.

೨

ಜೆನ್ನರನ ಲಸಿಕೆಗೆ ಬಹು ಹಿಂದೆಯೇ ಬಂಗಾಳದಲ್ಲಿ ಸಿಡುಬಿನ ಕೀವನ್ನೇ ತೋಳಿನಲ್ಲಿ ಚುಚ್ಚುವ ಪದ್ಧತಿ ಬಳಕೆಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿಯೂ ಮುಂದೆ ಸ್ವಲ್ಪ ಕಾಲ ಬಂಗಾಳದ ಗವರ್ನರನಾಗಿಯೂ ಇದ್ದ ಹಾಲ್ವೆಲ್ ಎಂಬಾತನು ೧೭೬೭ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಈ ಪದ್ಧತಿಯ ವಿವರವಾದ ವರ್ಣನೆಯನ್ನು ಇಟ್ಟನು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಆ ವರ್ಣನೆ ಪ್ರಸಿದ್ಧವಾದುದು. ಚುಚ್ಚುವ ಕ್ರಮಕ್ಕಾಗಿ ಅದನ್ನು ಎಲ್ಲರೂ ಓದಿದ್ದಾರೆ. ದಿನಗಳ ಲೆಕ್ಕಕ್ಕಾಗಿಯೂ ಅದು ಓದಲು ಯೋಗ್ಯವಾಗಿದೆ.

ಹಾಲ್ವೆಲ್ಲನು ಹೇಳುವಂತೆ, ಟೀಕಾ ಹಾಕುವ ಬ್ರಾಹ್ಮಣರು ವೃಂದಾವನ, ಪ್ರಯಾಗ, ಕಾಶಿ ಮೊದಲಾದ ಕಡೆಗಳಿಂದ ಸಣ್ಣ ಸಣ್ಣ ತಂಡಗಳಾಗಿ ಹೊರಟು, ರೋಗವು ಹಬ್ಬುವ ಋತುವಿಗೆ ಮುಂಚೆ, ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಬಂಗಾಳವನ್ನು ಸೇರುತ್ತಿದ್ದರು. ಅವರು ಬರುವ ಕಾಲವು ಜನರಿಗೆ ಮೊದಲೇ ತಿಳಿದಿರುತ್ತಿತ್ತು. ಟೀಕಾ ಹಾಕಿಸಿಕೊಳ್ಳಬೇಕೆಂದಿದ್ದವರು ಒಂದು ತಿಂಗಳು ಮುಂಚಿನಿಂದ ಮೀನು, ಹಾಲು, ತುಪ್ಪಗಳನ್ನು ಬಿಡುತ್ತಿದ್ದರು. ಚುಚ್ಚಿದ ಮೇಲೆ ಬೆಳಿಗ್ಗೆ ಸಂಜೆ ತಣ್ಣೀರನ್ನು ತಲೆಯ ಮೇಲಿನಿಂದ ಸುರಿದುಕೊಳ್ಳಬೇಕು. ಜ್ವರ ಕಾಣಿಸಿಕೊಂಡೊಡನೆ ಅದನ್ನು ನಿಲ್ಲಿಸಬೇಕು. ಗುಳ್ಳೆಗಳು ಎದ್ದ ಮೇಲೆ ಮತ್ತೆ ಮೊದಲುಮಾಡಬೇಕು. ಬಾಳೆಹಣ್ಣು, ಕಬ್ಬು, ಕಲ್ಲಂಗಡಿ, ಅಕ್ಕಿಯ ತಿಳಿಗಂಜಿ ಇವೇ ಆಹಾರ. ಮನೆಯೊಳಗೆ ಮುಚ್ಚಿಕೊಂಡಿರುವುದು ನಿಷಿದ್ಧ. ಜ್ವರ ಬಂದವನನ್ನು ಬಾಗಿಲ ಬಳಿ ಚಾಪೆಯ ಮೇಲೆ ಮಲಗಿಸುವುದೇ ಅವನಿಗೆ ತೋರಿಸುವ ಹೆಚ್ಚಿನ ಉಪಚಾರ. ಎಲ್ಲವೂ ಮುಗಿದ ಮೇಲೆ ದೇವಿಗೆ ಪೂಜೆ ಸಲ್ಲಿಸುವುದು ಕಟ್ಟಕಡೆಯ ಕರ್ಮ.

ಇಲ್ಲಿ ಜ್ವರವು ಅನಿರೀಕ್ಷಿತವಾಗಿ ಬಂದು ಮೇಲೆ ಬೀಳುವ ವಿಪತ್ತಲ್ಲ. ಅದು ಬರುವ ದಿನ ಗೊತ್ತು. ಬಂದಾಗ ಏನು ಮಾಡಬೇಕೆಂಬುದೂ ಗೊತ್ತು. ಬಾರದಿದ್ದರೆ ಅದೇ ಚಿಂತೆಗೆ ಕಾರಣ. ನೆರೆಹೊರೆಯ ಮನೆಗಳೆಲ್ಲ ಒಂದೇ ಋತುವಿನಲ್ಲಿ ಈ ಕಾರ್ಯವನ್ನು ನಡೆಸುತ್ತಿದ್ದುದರಿಂದ ಅದು ಒಬ್ಬನ ಹೊರೆಯಾಗದೆ ಊರಿನ ಆಚರಣೆಯಾಗಿತ್ತು. ಈ ಪದ್ಧತಿಯಲ್ಲಿ ಅಪಾಯವಿರಲಿಲ್ಲವೆಂದು ಯಾರೂ ಹೇಳಲಾರರು. ಚುಚ್ಚಿದುದು ನಿಜವಾದ ಸಿಡುಬೇ ಆದುದರಿಂದ ಕೆಲವರು ಸಾಯುತ್ತಿದ್ದರು. ಅವರಿಂದ ಇತರರಿಗೆ ರೋಗವೂ ಹರಡುತ್ತಿತ್ತು. ಈ ಕಾರಣದಿಂದಲೇ ೧೮೬೫ರಲ್ಲಿ ಬಂಗಾಳದಲ್ಲಿ ಕಾನೂನಿನ ಮೂಲಕ ಇದನ್ನು ನಿಷೇಧಿಸುವ ಕ್ರಮ ಆರಂಭವಾಯಿತು. ನಿಷೇಧವು ನ್ಯಾಯವಾದುದೇ. ಆದರೆ ಅಪಾಯಕರವಾದ ಕೀವಿನೊಡನೆ, ಜ್ವರದ ದಿನಗಳನ್ನು ಮೊದಲೇ ಗೊತ್ತುಮಾಡಿ ಮನೆಯನ್ನು ಅಣಿಗೊಳಿಸುತ್ತಿದ್ದ ಸಾಮಾಜಿಕ ವ್ಯವಸ್ಥೆಯೂ ಹೋಯಿತು. ಹೊಸ ಲಸಿಕೆಯವರು ಅದರ ಸ್ಥಾನದಲ್ಲಿ ಬೇರೊಂದನ್ನು ಇಡಲಿಲ್ಲ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಸಿಡುಬಿನ ಕೀವನ್ನು ಚುಚ್ಚುವ ಪದ್ಧತಿ ಇತ್ತು. ಅಲ್ಲಿಯ ವೈದ್ಯರು ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ಪಥ್ಯ ಎಂದು ವಾರಗಟ್ಟಲೆ ಸಿದ್ಧತೆಯನ್ನು ವಿಧಿಸುತ್ತಿದ್ದರು. ವಾರಗಟ್ಟಲೆ ಬಿಡುವು ಯಾರಿಗಿದೆಯೋ ಅವರಿಗೆ ಮಾತ್ರ ರಕ್ಷಣೆ ಎಂಬಂತಾಗಿತ್ತು. ೧೭೬೦ರ ದಶಕದಲ್ಲಿ ಡೇನಿಯಲ್ ಸಟನ್ ಎಂಬಾತನು ಸಿದ್ಧತೆಯ ಕಾಲವನ್ನು ಮೊಟಕುಗೊಳಿಸಿ, ಗಾಯವನ್ನು ಸಣ್ಣದಾಗಿಸಿ, ರೋಗಿಗಳನ್ನು ಗಾಳಿಯಲ್ಲಿ ಓಡಾಡಲು ಬಿಟ್ಟನು. ಸಾವಿರಾರು ಜನ ಅವನಲ್ಲಿಗೆ ಬಂದರು. ಅವನ ಔಷಧದಲ್ಲಿ ವಿಶೇಷವೇನೂ ಇರಲಿಲ್ಲ. ಜನರಿಗೆ ಅವನು ಉಳಿಸಿಕೊಟ್ಟದ್ದು ದಿನಗಳನ್ನು.

೩

೧೭೯೬ರಲ್ಲಿ ಎಡ್ವರ್ಡ್ ಜೆನ್ನರನು ಗೋವಿನ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿ ೧೭೯೮ರಲ್ಲಿ ಅದನ್ನು ಪ್ರಕಟಿಸಿದನು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಈ ಲಸಿಕೆ ಯಶಸ್ವಿಯಾಗಿ ಹತ್ತಿದುದು ಭಾರತದಲ್ಲಿ ಅದರ ಆರಂಭ. ಹೊಸ ಲಸಿಕೆಯ ಪರವಾಗಿ ಎರಡು ಮಾತುಗಳನ್ನು ಎಲ್ಲೆಡೆ ಸಾರಲಾಯಿತು: ಇದರಿಂದ ಬರುವ ತೊಂದರೆ ಅತ್ಯಲ್ಪ, ಇದು ಒಮ್ಮೆ ಹಾಕಿಸಿಕೊಂಡರೆ ಜನ್ಮಪರ್ಯಂತ ಸಾಕು.

ಮೊದಲನೆಯ ಮಾತು ಹಳೆಯ ಟೀಕಾದೊಡನೆ ಹೋಲಿಸಿದರೆ ಸತ್ಯ. ಎರಡನೆಯದು ಸತ್ಯವಲ್ಲವೆಂಬುದು ಒಂದು ತಲೆಮಾರಿನೊಳಗೆ ಗೊತ್ತಾಯಿತು. ಬಾಲ್ಯದಲ್ಲಿ ಲಸಿಕೆ ಹಾಕಿಸಿಕೊಂಡಿದ್ದ ಪ್ರಾಯದವರಿಗೆ ಸಿಡುಬು ಬರತೊಡಗಿತು. ರಕ್ಷಣೆಯು ಕಾಲಕ್ರಮದಲ್ಲಿ ಕುಂದುವುದೆಂಬ ತಿಳಿವು ಹೀಗೆ ಹುಟ್ಟಿ, ಮರುಲಸಿಕೆಯ ಕಲ್ಪನೆ ಮೊಳೆಯಿತು. ಜರ್ಮನ್ ರಾಜ್ಯಗಳು ಇದರಲ್ಲಿ ಮುಂದಾದುವು. ೧೮೩೪ರಿಂದ ಪ್ರಷ್ಯಾದ ಸೇನೆಯಲ್ಲಿ ಹೊಸದಾಗಿ ಸೇರಿದ ಪ್ರತಿಯೊಬ್ಬ ಸೈನಿಕನಿಗೂ ಮರುಲಸಿಕೆಯನ್ನು ಕಡ್ಡಾಯಗೊಳಿಸಲಾಯಿತು. ೧೮೭೦-೭೧ರ ಫ್ರೆಂಚ್ ಯುದ್ಧದಲ್ಲಿ ಸಿಡುಬಿನಿಂದ ಫ್ರೆಂಚ್ ಸೇನೆಗಾದ ಹಾನಿಗೂ ಜರ್ಮನ್ ಸೇನೆಗಾದ ಹಾನಿಗೂ ಇದ್ದ ಅಪಾರ ವ್ಯತ್ಯಾಸವು ಈ ಕ್ರಮದ ಫಲವನ್ನು ತೋರಿಸಿಕೊಟ್ಟಿತು. ೧೮೭೪ರ ಜರ್ಮನ್ ಕಾನೂನು ಶಿಶುಗಳಿಗೆ ಮೊದಲ ಲಸಿಕೆಯನ್ನೂ ಹನ್ನೆರಡು ವರ್ಷದ ಶಾಲಾಬಾಲಕರಿಗೆ ಮರುಲಸಿಕೆಯನ್ನೂ ವಿಧಿಸಿತು.

ಈ ಎರಡು ವ್ಯವಸ್ಥೆಗಳಲ್ಲಿ ಒಂದು ಸಮಾನಾಂಶವಿದೆ. ಸೈನಿಕನೂ ಶಾಲಾಬಾಲಕನೂ ಸಂಸ್ಥೆಯೊಂದರ ಆಶ್ರಯದಲ್ಲಿರುವವರು. ತೋಳು ಊದಿಕೊಂಡು ಎರಡು ದಿನ ಕವಾಯತಿಗೆ ಹೋಗದಿದ್ದ ಮಾತ್ರಕ್ಕೆ ಸೈನಿಕನ ಊಟ ನಿಲ್ಲದು. ಪಾಠಕ್ಕೆ ಹೋಗದಿದ್ದ ಹುಡುಗನ ಮನೆಯಲ್ಲಿ ಒಲೆ ಆರದು. ಮರುಲಸಿಕೆಯು ಮೊದಲು ಯಶಸ್ವಿಯಾದುದು ಇಂಥವರಲ್ಲಿ ಎಂಬುದು ಕೇವಲ ಶಿಸ್ತಿನ ಫಲವೆಂದು ತೋರುವುದಿಲ್ಲ. ಅವರ ಜ್ವರದ ದಿನಗಳ ವೆಚ್ಚವನ್ನು ಬೇರೆಯವರು ವಹಿಸುತ್ತಿದ್ದರೆಂಬುದೂ ಒಂದು ಕಾರಣ.

ಭಾರತದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಬೇಸಗೆಯ ಶಾಖಕ್ಕೆ ಲಸಿಕೆಯ ರಸವು ಕೆಟ್ಟುಹೋಗುತ್ತಿದ್ದುದರಿಂದ ದೇವಿ ಹಾಕುವ ನೌಕರರು ಹಲವು ಪ್ರಾಂತಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಊರೂರು ಸುತ್ತುತ್ತಿದ್ದರು. ಋತುವನ್ನು ನಿರ್ಧರಿಸಿದುದು ರಸದ ಬಾಳಿಕೆ. ಊರಿನ ಬೆಳೆಯೂ ಸುಗ್ಗಿಯೂ ಅಲ್ಲ. ಒಂದು ತೋಳಿನಿಂದ ಇನ್ನೊಂದು ತೋಳಿಗೆ ಲಸಿಕೆ ಸಾಗುತ್ತಿದ್ದ ಕಾಲದಲ್ಲಿ, ಎಂಟನೆಯ ದಿನ ಮಗುವನ್ನು ಮತ್ತೆ ಕರೆತಂದು ಅದರ ಗುಳ್ಳೆಯಿಂದ ಇತರರಿಗಾಗಿ ರಸವನ್ನು ತೆಗೆಯಲು ಬಿಡಬೇಕಾಗುತ್ತಿತ್ತು. ಜ್ವರದಿಂದ ಕಿರಿಕಿರಿಗೊಂಡ ಮಗುವನ್ನು ಎತ್ತಿಕೊಂಡು, ಗದ್ದೆಯ ಕೆಲಸವನ್ನು ಬಿಟ್ಟು ತಾಯಿ ನಡೆಯಬೇಕಾಗಿದ್ದ ದಾರಿಯನ್ನು ಯಾವ ವರದಿಯೂ ಅಳೆಯಲಿಲ್ಲ. ಅವಳು ಬಾರದಿದ್ದಾಗ, ಅದನ್ನು ಅಜ್ಞಾನವೆಂದು ಬರೆದುಕೊಳ್ಳುವುದು ಸುಲಭವಾಗಿತ್ತು.

೪

ಈಗ ಪ್ಲೇಗಿನ ಪ್ರಸಂಗಕ್ಕೆ ಬರೋಣ. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರ್ಕಾರದ ಕೋರಿಕೆಯಂತೆ ವಾಲ್ಡೆಮಾರ್ ಹಾಫ್ಕಿನ್ ಅಲ್ಲಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆಯನ್ನು ಸಿದ್ಧಪಡಿಸಲು ತೊಡಗಿದನು. ಪ್ಲೇಗಿನ ರೋಗಾಣುಗಳನ್ನು ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು, ಆ ದ್ರವವನ್ನು ಚರ್ಮದ ಕೆಳಗೆ ಚುಚ್ಚುವುದು ಅವನ ವಿಧಾನ. ೧೮೯೭ರ ಜನವರಿ ೧೦ರಂದು ಅದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಾಗ, ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕದವರೊಡನೆ ಹೋಲಿಸಿ ನೋಡಲಾಯಿತು. ಹಾಕಿಸಿಕೊಂಡವರಲ್ಲಿ ರೋಗವೂ ಸಾವೂ ಕಡಿಮೆಯಾಗಿದ್ದುವು.

ಈ ಲಸಿಕೆಯ ಜ್ವರ ಸಾಮಾನ್ಯವಾದುದಲ್ಲ. ಚುಚ್ಚಿದ ಕೆಲವು ಗಂಟೆಗಳಲ್ಲಿಯೇ ಮೈ ಕಾಯುತ್ತಿತ್ತು. ಚುಚ್ಚಿದ ಜಾಗ ಊದಿ ನೋಯುತ್ತಿತ್ತು. ನಿಶ್ಶಕ್ತಿಯು ಒಂದೆರಡು ದಿನ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತಿತ್ತು. ಆರಂಭದ ವರ್ಷಗಳಲ್ಲಿ ಹಾಫ್ಕಿನ್ನನು ಈ ಜ್ವರವನ್ನು ತೊಂದರೆಯೆಂದು ಕಾಣಲಿಲ್ಲ. ಅದನ್ನು ಅಳತೆಗೋಲಾಗಿ ಬಳಸಿದನು. ನೂರೆರಡು ಡಿಗ್ರಿಯ ಮಟ್ಟದ ಜ್ವರ ಬಂದರೆ ಲಸಿಕೆಯ ಪ್ರಮಾಣ ಸಾಕಾಯಿತೆಂದು ಅರ್ಥ. ಬಾರದವನಿಗೆ ಮತ್ತೊಮ್ಮೆ ಚುಚ್ಚುವುದು ಒಳ್ಳೆಯದೆಂಬುದು ಆಗಿನ ಅಭಿಪ್ರಾಯ. ಜ್ವರದ ತೀವ್ರತೆಯಿಂದ ರಕ್ಷಣೆಯ ಪ್ರಮಾಣವನ್ನು ಅಳೆಯಲಾಗದು, ಜ್ವರ ಬಾರದವನಿಗೂ ರಕ್ಷಣೆ ದೊರೆಯುತ್ತದೆ ಎಂಬುದು ಈಗ ಒಪ್ಪಿತವಾದ ವಿಷಯ. ಆದರೆ ಆ ಕಾಲದಲ್ಲಿ ಪ್ರಯೋಗಾಲಯದ ದೃಷ್ಟಿಗೆ ಶುಭಸೂಚನೆಯಾಗಿದ್ದ ಜ್ವರವೇ ಬೀದಿಯ ದೃಷ್ಟಿಗೆ ಕೂಲಿಯ ನಷ್ಟವಾಗಿತ್ತು.

೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ನಡೆದುದು ಈ ಲಸಿಕೆಯ ಇತಿಹಾಸದ ಮುಖ್ಯ ಘಟನೆಗಳಲ್ಲಿ ಒಂದು. ಆಗ ಸುಮಾರು ಐವತ್ತು ಸಾವಿರ ಜನಸಂಖ್ಯೆಯಿದ್ದ ಆ ಪಟ್ಟಣದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರವೂ ಹತ್ತಿಯ ವ್ಯಾಪಾರವೂ ನೂಲಿನ ಗಿರಣಿಯೂ ಇದ್ದುವು. ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಆ ವರ್ಷದ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಬಹುಜನರು ಎರಡು ಸಲ ಹಾಕಿಸಿಕೊಂಡವರು. ಅಷ್ಟು ದೊಡ್ಡ ಪಟ್ಟಣವೊಂದರ ಬಹುಪಾಲು ಜನ ಸ್ವಲ್ಪ ಕಾಲದಲ್ಲಿಯೇ ಹೀಗೆ ಮುಂದೆ ಬಂದುದು ಅಸಾಧಾರಣವಾದುದು. ಹಾಫ್ಕಿನ್ನನು ೧೮೯೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ಕಾರ್ಯವನ್ನು ವಿವರಿಸುವಾಗ ಹುಬ್ಬಳ್ಳಿಯ ಅಂಕಿಗಳನ್ನು ಮುಖ್ಯ ಪ್ರಮಾಣವಾಗಿ ಇಟ್ಟನು.

ಹುಬ್ಬಳ್ಳಿಯ ಜನ ಮುಂದೆ ಬಂದುದೇಕೆ? ರೋಗದ ಭೀತಿಯೇ ಮೊದಲ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಭೀತಿ ಪುಣೆಯಲ್ಲಿಯೂ ಮುಂಬಯಿಯಲ್ಲಿಯೂ ಇತ್ತು. ಇಲ್ಲಿ ಇನ್ನೆರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕೆಲಸವು ಆರಂಭವಾದುದು ರೋಗವು ಉಲ್ಬಣಿಸುವುದಕ್ಕೆ ಮುಂಚೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನಾಲ್ಕೈದು ತಿಂಗಳುಗಳಲ್ಲಿ ಜನರು ಸರದಿಯಾಗಿ ಬರಲು ಅವಕಾಶವಿತ್ತು. ಎಲ್ಲರೂ ಒಂದೇ ವಾರದಲ್ಲಿ ಮಲಗಬೇಕಾಗಿರಲಿಲ್ಲ. ಗಂಡ ಈ ವಾರ, ಹೆಂಡತಿ ಮುಂದಿನ ವಾರ ಎಂದು ಹಂಚಿಕೊಳ್ಳುವುದು ಸಾಧ್ಯವಿತ್ತು. ಎರಡನೆಯದಾಗಿ, ಲಸಿಕೆಯ ಪ್ರಮಾಣಪತ್ರಕ್ಕೆ ಬೆಲೆಯಿತ್ತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾನೂನಿನ ಬಲದಿಂದ ಮುಂಬಯಿ ಪ್ರಾಂತದಲ್ಲಿ ಮನೆಗಳ ತಪಾಸಣೆ, ಜನರನ್ನು ಬೇರ್ಪಡಿಸಿ ಶಿಬಿರಗಳಲ್ಲಿಡುವುದು, ಪ್ರಯಾಣಿಕರನ್ನು ತಡೆದು ನಿಲ್ಲಿಸುವುದು ಮೊದಲಾದ ಕ್ರಮಗಳು ನಡೆಯುತ್ತಿದ್ದುವು. ಲಸಿಕೆ ಹಾಕಿಸಿಕೊಂಡವರಿಗೆ ಇವುಗಳಲ್ಲಿ ಕೆಲವು ರಿಯಾಯಿತಿಗಳು ದೊರೆಯುತ್ತಿದ್ದುವು. ಹತ್ತು ದಿನದ ಶಿಬಿರವಾಸಕ್ಕೆ ಹೋಲಿಸಿದರೆ ಎರಡು ದಿನದ ಜ್ವರವು ಅಗ್ಗ. ಕೂಲಿಯವನೂ ಈ ಲೆಕ್ಕವನ್ನು ಮಾಡಬಲ್ಲನು. ಹುಬ್ಬಳ್ಳಿಯಲ್ಲಿ ಮಾಡಿದನೆಂದು ಊಹಿಸುವುದು ತಪ್ಪಾಗಲಾರದು. ಅವನ ನಿರ್ಧಾರವನ್ನು ಅಂಧಶ್ರದ್ಧೆಯ ಸೋಲೆಂದು ವರ್ಣಿಸುವುದಕ್ಕಿಂತ, ದಿನಗಳನ್ನು ತೂಗಿ ನೋಡಿದ ವಿವೇಕವೆಂದು ವರ್ಣಿಸುವುದು ಸತ್ಯಕ್ಕೆ ಹತ್ತಿರವಾದುದು.

ಮುಂಬಯಿಯ ಖೋಜಾ ಸಮುದಾಯದ ಉದಾಹರಣೆಯೂ ಇದಕ್ಕೆ ಪೂರಕವಾಗಿದೆ. ಅವರ ಧರ್ಮಗುರುವಾದ ಮೂರನೆಯ ಆಗಾಖಾನನು ಹಾಫ್ಕಿನ್ನನಿಗೆ ತನ್ನ ಬಂಗಲೆಯೊಂದನ್ನು ಬಿಟ್ಟುಕೊಟ್ಟು, ತಾನೇ ಎಲ್ಲರೆದುರು ಲಸಿಕೆ ಹಾಕಿಸಿಕೊಂಡನು. ಸಾವಿರಾರು ಖೋಜಾಗಳು ಅವನನ್ನು ಅನುಸರಿಸಿದರು. ಹಿರಿಯನೊಬ್ಬನು ಜ್ವರವನ್ನು ಅನುಭವಿಸಿ ಮತ್ತೆ ಎದ್ದು ಓಡಾಡಿದುದನ್ನು ಕಣ್ಣಾರೆ ಕಂಡವನಿಗೆ ತನ್ನ ಜ್ವರವು ರೋಗವಲ್ಲವೆಂಬ ಭರವಸೆ ಹುಟ್ಟುತ್ತದೆ. ಬಂಗಾಳದ ಟೀಕಾ ಪದ್ಧತಿಯಲ್ಲಿ ಋತುವೂ ಪೂಜೆಯೂ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಮುದಾಯದ ಮುಖಂಡನು ಮಾಡಿದನು.

ಮುಖ್ಯವಾದ ತೊಡಕು ಮುಂದಿನದು. ಪ್ಲೇಗಿನ ಲಸಿಕೆಯ ರಕ್ಷಣೆಯು ತಿಂಗಳುಗಳ ಲೆಕ್ಕದ್ದು, ವರ್ಷಗಳದ್ದಲ್ಲ. ಪ್ಲೇಗು ಬಂದಾಗಲೆಲ್ಲ ಮತ್ತೆ ಹಾಕಿಸಿಕೊಳ್ಳಬೇಕು. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಕರ್ನಾಟಕಕ್ಕೂ ಪದೇ ಪದೇ ಬರುವ ಅತಿಥಿಯಾಯಿತು. ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುವುದು ನಮ್ಮ ಹಿರಿಯರಿಗೆ ರೂಢಿಯಾಗಿತ್ತು. ಊರು ಬಿಡುವುದೂ ಇನಾಕ್ಯುಲೇಷನ್ ಮಾಡಿಸಿಕೊಳ್ಳುವುದೂ ರಕ್ಷಣೆಯ ಎರಡು ದಾರಿಗಳಾಗಿದ್ದುವು. ಹಲವರು ಸೂಜಿಯನ್ನು ಬಿಟ್ಟು ಗುಡಿಸಲನ್ನೇ ಆರಿಸಿಕೊಂಡರು. ಇಲಿಗಳಿಂದಲೂ ಅವುಗಳ ಚಿಗಟಗಳಿಂದಲೂ ದೂರವಾಗುವುದರಿಂದ ಗುಡಿಸಲಿನ ದಾರಿಯೂ ಪರಿಣಾಮಕಾರಿಯಾದುದೇ. ಅದರಲ್ಲಿ ಇನ್ನೊಂದು ಅನುಕೂಲವಿತ್ತು: ಗುಡಿಸಲಿನಲ್ಲಿದ್ದವನು ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಬಲ್ಲನು.

ಇದರ ನಡುವೆ ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಹಾಕಿಸಿಕೊಂಡ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತರು. ದೋಷವನ್ನು ಹಾಫ್ಕಿನ್ನನ ಪ್ರಯೋಗಾಲಯದ ಮೇಲೆ ಹೊರಿಸಿ ಅವನನ್ನು ಕೆಲಸದಿಂದ ದೂರ ಇಡಲಾಯಿತು. ಸೀಸೆಯನ್ನು ತೆರೆಯುವಾಗ ಹಳ್ಳಿಯಲ್ಲಿ ನಡೆದ ಅಶುಚಿಯೇ ಕಾರಣವೆಂದು ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ವಾದಿಸಿದ ಮೇಲೆ ೧೯೦೭ರಲ್ಲಿ ಅವನು ದೋಷಮುಕ್ತನಾದನು. ಈ ದುರಂತವನ್ನು ನಮ್ಮ ವಿಷಯದ ದೃಷ್ಟಿಯಿಂದ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಲಸಿಕೆಯ ಸಹಜವಾದ ಜ್ವರ ಬೇರೆ, ಅಪಘಾತ ಬೇರೆ. ಯಾವ ಜ್ವರ ಬರುತ್ತದೆ, ಎಷ್ಟು ದಿನ ಇರುತ್ತದೆ, ಯಾವ ಲಕ್ಷಣ ಕಂಡರೆ ವೈದ್ಯನ ಬಳಿಗೆ ಓಡಬೇಕು ಎಂಬುದನ್ನು ಮೊದಲೇ ಹೇಳಿದ್ದ ಊರಿನಲ್ಲಿ ಜನರು ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲರು. ಏನನ್ನೂ ಹೇಳದ ಊರಿನಲ್ಲಿ ಪ್ರತಿಯೊಂದು ಮೈಬಿಸಿಯೂ ಮುಲ್ಕೋವಾಲದ ಸುದ್ದಿಯನ್ನು ನೆನಪಿಗೆ ತರುತ್ತದೆ.

೫

ಇದೇ ವರ್ಷಗಳಲ್ಲಿ ಬ್ರಿಟಿಷ್ ಸೇನೆಯಲ್ಲಿ ನಡೆದ ಇನ್ನೊಂದು ಪ್ರಯೋಗವು ಹೋಲಿಕೆಗೆ ಬಹಳ ಉಪಯುಕ್ತವಾಗಿದೆ. ಆಲ್ಮ್‌ರಾತ್ ರೈಟ್ ಎಂಬಾತನು ವಿಷಮಶೀತಜ್ವರಕ್ಕೆ ಲಸಿಕೆಯನ್ನು ಕಂಡುಹಿಡಿದು, ಪ್ಲೇಗು ಆಯೋಗದ ಸದಸ್ಯನಾಗಿ ೧೮೯೮ರಲ್ಲಿ ಭಾರತಕ್ಕೆ ಬಂದಾಗ ಇಲ್ಲಿಯ ಸುಮಾರು ನಾಲ್ಕು ಸಾವಿರ ಸೈನಿಕರಿಗೆ ಅದನ್ನು ಹಾಕಿದನು. ೧೮೯೯ರಲ್ಲಿ ದಕ್ಷಿಣ ಆಫ್ರಿಕದ ಯುದ್ಧ ಆರಂಭವಾದಾಗ ಮೂರು ಲಕ್ಷಕ್ಕೂ ಮೀರಿದ ಸೇನೆಯಲ್ಲಿ ಲಸಿಕೆಯನ್ನು ಒಪ್ಪಿದವರು ಸುಮಾರು ಹದಿನಾಲ್ಕು ಸಾವಿರ ಜನ ಮಾತ್ರ. ಆ ಯುದ್ಧದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸೈನಿಕರು ವಿಷಮಶೀತಜ್ವರಕ್ಕೆ ತುತ್ತಾದರು. ಸತ್ತವರ ಸಂಖ್ಯೆಯೂ ಸಾವಿರಗಳ ಲೆಕ್ಕದ್ದು.

ಸೈನಿಕರು ಹಿಂಜರಿದುದಕ್ಕೆ ಮುಖ್ಯ ಕಾರಣವೇ ಲಸಿಕೆಯ ತೀವ್ರವಾದ ಪ್ರತಿಕ್ರಿಯೆ. ಮೊದಲು ಹಾಕಿಸಿಕೊಂಡವರು ಜ್ವರದಿಂದ ನರಳುವುದನ್ನು ಉಳಿದವರು ಕಂಡರು. ಇವರು ಅಜ್ಞಾನಿಗಳಾದ ಹಳ್ಳಿಗರಲ್ಲ. ಪೂರ್ವದೇಶದ ಅಂಧಶ್ರದ್ಧೆಯನ್ನು ಇವರ ಮೇಲೆ ಹೊರಿಸುವಂತಿಲ್ಲ. ಇಂಗ್ಲೆಂಡಿನ ಸೈನಿಕನೂ ಹುಬ್ಬಳ್ಳಿಯ ನೇಕಾರನೂ ಜ್ವರದ ಮುಂದೆ ಒಂದೇ ಬಗೆಯಲ್ಲಿ ಯೋಚಿಸಿದರೆಂಬುದು ವಸಾಹತು ಕಾಲದ ವರದಿಗಳನ್ನು ಓದುವಾಗ ನಾವು ಮರೆಯಬಾರದ ಸಂಗತಿ.

ಅನಂತರದ ಕಾರ್ಯವು ವಿಲಿಯಂ ಲೀಷ್‌ಮನ್ನನದು. ರೋಗಾಣುಗಳನ್ನು ಕೊಲ್ಲಲು ಬೇಕಾದುದಕ್ಕಿಂತ ಹೆಚ್ಚು ಶಾಖ ಕೊಡದಿರುವುದು, ಪ್ರಮಾಣವನ್ನು ಎರಡು ಕಂತುಗಳಾಗಿ ಭಾಗಿಸಿ ಸುಮಾರು ಹತ್ತು ದಿನಗಳ ಅಂತರದಲ್ಲಿ ಕೊಡುವುದು, ಮೊದಲನೆಯ ಕಂತನ್ನು ಚಿಕ್ಕದಾಗಿಡುವುದು, ಈ ಸುಧಾರಣೆಗಳಿಂದ ಲಸಿಕೆಯ ಬಲವನ್ನು ಉಳಿಸಿಕೊಂಡು ಜ್ವರವನ್ನು ಹಗುರಗೊಳಿಸಲಾಯಿತು. ಹಾಕಿಸಿಕೊಂಡವನಿಗೆ ಒಂದೆರಡು ದಿನ ಕೆಲಸದಿಂದ ವಿನಾಯಿತಿ ಕೊಡುವುದೂ ರೂಢಿಗೆ ಬಂದಿತು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗಲೂ ಬ್ರಿಟಿಷ್ ಸೇನೆಯಲ್ಲಿ ಈ ಲಸಿಕೆ ಕಡ್ಡಾಯವಾಗಿರಲಿಲ್ಲ. ಆದರೂ ಯುದ್ಧದ ಅವಧಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಅದನ್ನು ಹಾಕಿಸಿಕೊಂಡರು. ಹದಿನೈದು ವರ್ಷಗಳಲ್ಲಿ ಸೈನಿಕರ ಶಿಕ್ಷಣವಾಗಲಿ ಧೈರ್ಯವಾಗಲಿ ಅಷ್ಟು ಬದಲಾಗಿರಲಿಲ್ಲ. ಲಸಿಕೆಯ ಮೇಲೆ ಸಾಕ್ಷ್ಯ ಬೆಳೆದಿತ್ತು, ಮೇಲಧಿಕಾರಿಗಳ ಒತ್ತಾಯವೂ ಇತ್ತು, ಇದನ್ನು ಅಲ್ಲಗಳೆಯಲಾಗದು. ಇವುಗಳೊಡನೆ ಜ್ವರವು ಇಳಿದಿತ್ತು, ಉಳಿದ ಜ್ವರಕ್ಕೆ ದಿನಗಳನ್ನು ಮೀಸಲಿಡಲಾಗಿತ್ತು.

ಸೈನಿಕನನ್ನೂ ಕೂಲಿಯವನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಸೈನಿಕನ ಎರಡು ದಿನಗಳು ಸರ್ಕಾರದವು. ಅವು ನಷ್ಟವಾದರೆ ಸರ್ಕಾರಕ್ಕೆ ನಷ್ಟ. ಆದುದರಿಂದ ಅವುಗಳನ್ನು ಕಡಿಮೆಮಾಡುವ ಉಪಾಯವನ್ನು ಸರ್ಕಾರವೇ ಹುಡುಕಿತು. ಕೂಲಿಯವನ ಎರಡು ದಿನಗಳು ಅವನವೇ. ಅವು ಯಾರ ಲೆಕ್ಕದ ಪುಸ್ತಕದಲ್ಲಿಯೂ ಬರಲಿಲ್ಲ.

೬

ಈ ಹಳೆಯ ಪ್ರಶ್ನೆ ನಮ್ಮ ಕಾಲದಲ್ಲಿ ಮತ್ತೆ ಎದ್ದಿತು. ೨೦೨೧ರ ಜನವರಿ ೧೬ರಂದು ಭಾರತದಲ್ಲಿ ಕೋವಿಡ್ ಲಸಿಕೆಯ ಕಾರ್ಯಕ್ರಮ ಆರಂಭವಾಯಿತು. ೨೦೨೨ರ ಜನವರಿ ೧೦ರಿಂದ ಆರೋಗ್ಯ ಕಾರ್ಯಕರ್ತರು ಮೊದಲಾದವರಿಗೆ ಮುನ್ನೆಚ್ಚರಿಕೆಯ ಡೋಸ್ ಎಂಬ ಹೆಸರಿನಲ್ಲಿ ಮೂರನೆಯ ಕಂತು ಬಂದಿತು. ಅದೇ ವರ್ಷದ ಏಪ್ರಿಲ್ ೧೦ರಿಂದ ಎಲ್ಲ ವಯಸ್ಕರಿಗೂ ಅದು ದೊರೆಯಿತು.

ತೋಳಿನ ನೋವು, ದಣಿವು, ತಲೆನೋವು, ಜ್ವರ ಇವು ಒಂದೆರಡು ದಿನವಿದ್ದು ಹೋಗುವುದು ಇಲ್ಲಿಯೂ ಸಾಮಾನ್ಯವಾಗಿತ್ತು. ಆದರೆ ಒಂದೊಂದು ಲಸಿಕೆಯ ನಡೆ ಒಂದೊಂದು ಬಗೆ. ಭಾರತದಲ್ಲಿ ಹೆಚ್ಚಾಗಿ ಬಳಕೆಯಾದ ಕೋವಿಶೀಲ್ಡಿನಲ್ಲಿ ಮೊದಲನೆಯ ಕಂತಿನ ಜ್ವರವೇ ಹೆಚ್ಚಿನದು, ಎರಡನೆಯದರದು ಕಡಿಮೆ. ಅಮೆರಿಕದಲ್ಲಿ ಹೆಚ್ಚಾಗಿ ಬಳಕೆಯಾದ ಫೈಜರ್ ಮತ್ತು ಮಾಡರ್ನಾ ಲಸಿಕೆಗಳಲ್ಲಿ ಎರಡನೆಯ ಕಂತಿನ ಜ್ವರ ಮೊದಲನೆಯದಕ್ಕಿಂತ ಹೆಚ್ಚು. ಒಂದರ ಅನುಭವದಿಂದ ಇನ್ನೊಂದರ ದಿನಗಳನ್ನು ಊಹಿಸಲಾಗದು. ಕೋವಿಶೀಲ್ಡಿನ ಮೊದಲ ಕಂತಿನ ರಾತ್ರಿಯನ್ನೇ ನೆನೆದು ಮೂರನೆಯದಕ್ಕೆ ಹೆದರಿದವನಿಗೆ ಈ ತಿಳಿವಳಿಕೆಯೇ ಅರ್ಧ ಔಷಧ.

ಅಮೆರಿಕದ ರೋಗನಿಯಂತ್ರಣ ಕೇಂದ್ರವು ಆರಂಭದಲ್ಲಿಯೇ ಆಸ್ಪತ್ರೆಗಳಿಗೆ ಒಂದು ಸಲಹೆಯನ್ನು ಕೊಟ್ಟಿತು: ಒಂದೇ ವಿಭಾಗದ ಸಿಬ್ಬಂದಿಗೆಲ್ಲ ಒಂದೇ ದಿನ ಲಸಿಕೆ ಹಾಕಬೇಡಿ, ಸರದಿಯಾಗಿ ಹಾಕಿರಿ, ಸಾಧ್ಯವಾದರೆ ಬಿಡುವಿನ ದಿನಕ್ಕೆ ಹೊಂದಿಸಿರಿ. ೨೦೨೧ರ ಏಪ್ರಿಲಿನಲ್ಲಿ ಆ ದೇಶದ ಅಧ್ಯಕ್ಷರು ಐನೂರಕ್ಕಿಂತ ಕಡಿಮೆ ನೌಕರರಿರುವ ಉದ್ಯಮಗಳ ಮಾಲೀಕರಿಗೆ ಒಂದು ತೆರಿಗೆಯ ರಿಯಾಯಿತಿಯನ್ನು ಪ್ರಕಟಿಸಿದರು. ಲಸಿಕೆ ಹಾಕಿಸಿಕೊಳ್ಳಲೂ ಅದರಿಂದ ಬಂದ ಅಸ್ವಸ್ಥತೆಯಿಂದ ಚೇತರಿಸಿಕೊಳ್ಳಲೂ ಸಂಬಳಸಹಿತ ರಜೆ ಕೊಟ್ಟರೆ ಆ ವೆಚ್ಚವನ್ನು ಸರ್ಕಾರವೇ ತುಂಬಿಕೊಡುವ ಏರ್ಪಾಡು ಅದು. ೧೮೯೮ರಲ್ಲಿ ಯಾರ ಲೆಕ್ಕಕ್ಕೂ ಸೇರದಿದ್ದ ಎರಡು ದಿನಗಳು ಇಲ್ಲಿ ಸರ್ಕಾರದ ಲೆಕ್ಕಕ್ಕೆ ಸೇರಿದುವು. ಆದರೂ ಮಾಲೀಕನೇ ಇಲ್ಲದ ದಿನಗೂಲಿಯವನಿಗ, ತಳ್ಳುಗಾಡಿಯ ವ್ಯಾಪಾರಿಗೆ, ಗುತ್ತಿಗೆಯ ಕಟ್ಟಡದಾಳಿಗೆ ಇಂಥ ಏರ್ಪಾಡು ತಲಪುವುದಿಲ್ಲ. ನಮ್ಮ ದೇಶದಲ್ಲಿ ಅಂಥವರ ಸಂಖ್ಯೆಯೇ ದೊಡ್ಡದು.

ಭಾರತದಲ್ಲಿ ಮೊದಲ ಕಂತನ್ನು ಪಡೆದವರು ನೂರು ಕೋಟಿಗೂ ಮೀರಿದ್ದರು. ಮುನ್ನೆಚ್ಚರಿಕೆಯ ಡೋಸ್ ಪಡೆದವರು ಇಪ್ಪತ್ತಮೂರು ಕೋಟಿಯನ್ನು ಮುಟ್ಟಲಿಲ್ಲ. ಈ ಇಳಿತಕ್ಕೆ ಜ್ವರವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ರೋಗದ ಭಯ ಇಳಿದಿತ್ತು. ಆರಂಭದಲ್ಲಿ ಹಲವರು ಹಣ ಕೊಟ್ಟು ಹಾಕಿಸಿಕೊಳ್ಳಬೇಕಾಗಿತ್ತು. ಅದರ ಅಗತ್ಯವನ್ನು ಕುರಿತು ಸಂದೇಹಗಳಿದ್ದುವು. ಆದರೆ ಭಯವು ಇಳಿದಂತೆ ಜ್ವರದ ದಿನಗಳ ತೂಕ ಏರುತ್ತದೆಂಬುದು ಹುಬ್ಬಳ್ಳಿಯ ಕಾಲದಿಂದಲೂ ನಿಜವಾದ ಮಾತು. ರೋಗವು ಬಾಗಿಲಲ್ಲಿ ನಿಂತಾಗ ಎರಡು ದಿನದ ಕೂಲಿಯನ್ನು ಯಾರೂ ಎಣಿಸುವುದಿಲ್ಲ. ರೋಗವು ಊರಾಚೆಗೆ ಹೋದಾಗ ಎಲ್ಲರೂ ಎಣಿಸುತ್ತಾರೆ. ಮರುಲಸಿಕೆಯ ಕಾಲವು ಬಹುಮಟ್ಟಿಗೆ ರೋಗವು ಊರಾಚೆಗೆ ಹೋದ ಕಾಲವೇ ಆಗಿರುತ್ತದೆ.

೭

ಮೇಲಿನ ಪ್ರಸಂಗಗಳಿಂದ ಒಂದು ಸಾಮಾನ್ಯ ನಿರ್ಣಯಕ್ಕೆ ಬರಬಹುದು. ಲಸಿಕೆಯ ಜ್ವರವು ಅಲ್ಪವೆಂಬುದು ದೇಹದ ದೃಷ್ಟಿಯಿಂದ ಸರಿ. ಸಮಾಜದ ದೃಷ್ಟಿಯಿಂದ ಅದರ ತೂಕವು, ಅದು ಯಾವ ದಿನ ಬೀಳುತ್ತದೆ, ಆ ದಿನವನ್ನು ಗೊತ್ತುಮಾಡಿದವರು ಯಾರು, ಅದರ ನಷ್ಟವನ್ನು ಹೊರುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಅವಲಂಬಿಸಿದೆ. ಬಂಗಾಳದಲ್ಲಿ ಋತುವೂ ಆಚಾರವೂ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟುವು; ಪ್ರಷ್ಯಾದಲ್ಲಿಯೂ ಬ್ರಿಟಿಷ್ ಸೇನೆಯಲ್ಲಿಯೂ ಸಂಸ್ಥೆ ಉತ್ತರ ಕೊಟ್ಟಿತು; ಹುಬ್ಬಳ್ಳಿಯಲ್ಲಿ ಮುಂಚಿತವಾದ ಆರಂಭವೂ ಪ್ರಮಾಣಪತ್ರದ ಬೆಲೆಯೂ ಸ್ವಲ್ಪಮಟ್ಟಿಗೆ ಉತ್ತರ ಕೊಟ್ಟುವು. ಉತ್ತರವಿಲ್ಲದ ಕಡೆಗಳಲ್ಲಿ ಜನ ದೂರ ಉಳಿದರು. ಹಾಗೆ ಉಳಿದುದಕ್ಕೆ ಅಜ್ಞಾನವೆಂಬ ಹೆಸರು ಬಂದಿತು.

ಈ ಹೆಸರನ್ನು ಮರುಪರಿಶೀಲಿಸುವ ಕೆಲಸ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಕಾದಿದೆ. ವೈದ್ಯಾಧಿಕಾರಿಗಳ ವಾರ್ಷಿಕ ವರದಿಗಳನ್ನು ಮಾತ್ರ ಓದಿದರೆ ಸಾಲದು. ಗಿರಣಿಗಳ ಹಾಜರಿ ಪುಸ್ತಕ, ರೈಲ್ವೆ ಕಾರ್ಯಾಗಾರದ ಸಂಬಳದ ಪಟ್ಟಿ, ಪುರಸಭೆಗಳ ನಡವಳಿ, ಸುಗ್ಗಿಯ ಕಾಲದ ಕೂಲಿಯ ದರ ಇವುಗಳನ್ನು ಲಸಿಕೆಯ ತಾರೀಖುಗಳ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಊರಿನಲ್ಲಿ ಜನರು ಯಾವ ವಾರದಲ್ಲಿ ಬಂದರು, ಯಾವ ವಾರದಲ್ಲಿ ಬರಲಿಲ್ಲ ಎಂಬುದು ತಿಳಿದರೆ, ಏಕೆ ಬರಲಿಲ್ಲವೆಂಬುದೂ ಬಹುಮಟ್ಟಿಗೆ ತಿಳಿದೀತು. ಮುಂದೆ ಮರುಲಸಿಕೆಯ ದಿನವನ್ನು ಗೊತ್ತುಮಾಡುವ ಅಧಿಕಾರಿಗೂ ಅಂಥ ಅಧ್ಯಯನ ಉಪಯೋಗಕ್ಕೆ ಬಂದೀತು. ಸಂತೆಯ ಹಿಂದಿನ ದಿನವೋ, ವಾರದ ರಜೆಯ ಹಿಂದಿನ ಸಂಜೆಯೋ, ನಾಟಿಯ ವಾರವನ್ನು ಬಿಟ್ಟು ಅದರಾಚೆಯ ವಾರವೋ ಎಂಬ ಪ್ರಶ್ನೆಯನ್ನು ಅವನು ಊರಿನವರನ್ನೇ ಕೇಳಿ ನಿರ್ಧರಿಸಿದರೆ, ಅವನ ಸೀಸೆಗಳಲ್ಲಿ ಉಳಿಯುವ ಔಷಧ ಕಡಿಮೆಯಾದೀತು.